ಒಂದು ಕಂಪ್ಯೂಟರ್‌ನಲ್ಲಿ ತೆರೆಯುವ ಹಾರ್ಡ್ ಡಿಸ್ಕ್ ಇನ್ನೊಂದರಲ್ಲಿ ಕಾಣದಿದ್ದರೆ: ಸಮಗ್ರ ಮಾರ್ಗದರ್ಶಿ

ಮನೆಯ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಅದನ್ನೇ ಸ್ಟುಡಿಯೋದ ಅಥವಾ ಆಫೀಸಿನ ಕಂಪ್ಯೂಟರ್‌ಗೆ ಹಾಕಿದರೆ ಲೈಟು ಮಿನುಗುತ್ತದೆ ಅಷ್ಟೆ, ‘ದಿಸ್ ಪಿಸಿ’ಯಲ್ಲಿ ಏನೂ ಬರುವುದಿಲ್ಲ. ಈ ತೊಂದರೆಯಲ್ಲಿ ಒಂದು ಸಮಾಧಾನದ ಅಂಶವಿದೆ. ಡಿಸ್ಕ್ ಎಲ್ಲೋ ಒಂದು ಕಡೆ ಓದುತ್ತಿದೆ ಎಂದರೆ ಒಳಗೆ ತಿರುಗುವ ತಟ್ಟೆ, ಅದನ್ನು ಓದುವ ತಲೆ, ಫೈಲುಗಳು ಬಹುಮಟ್ಟಿಗೆ ಸರಿಯಾಗಿವೆ. ದೋಷ ಇರುವುದು ಹೆಚ್ಚಾಗಿ ನಡುದಾರಿಯಲ್ಲಿ: ಕೇಬಲ್, ಪೋರ್ಟ್, ಕರೆಂಟು, ಡ್ರೈವರ್ (ಸಾಧನವನ್ನು ನಡೆಸಲು ಕಂಪ್ಯೂಟರ್‌ಗೆ ಬೇಕಾದ ಪ್ರೋಗ್ರಾಂ), ಡ್ರೈವ್ ಅಕ್ಷರ (ಇ, ಎಫ್‌ನಂಥದ್ದು) ಅಥವಾ ಫಾರ್ಮ್ಯಾಟ್‌ನಲ್ಲಿ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ರೀತಿ). ಆದರೆ ‘ಬಹುಮಟ್ಟಿಗೆ’ ಎಂಬ ಮಾತು ನೆನಪಿರಲಿ. ಸಾಯಲು ಹೊರಟ ಡಿಸ್ಕ್ ಕೂಡ ಒಂದು ಕಂಪ್ಯೂಟರ್‌ನಲ್ಲಿ ಕುಂಟುತ್ತಾ ಓಡಿ, ಇನ್ನೊಂದರಲ್ಲಿ ಕೈಕೊಡುವುದುಂಟು.

ಆದ್ದರಿಂದ ಮೊದಲ ಹೆಜ್ಜೆ ಕೆಟ್ಟ ಕಂಪ್ಯೂಟರ್‌ನದಲ್ಲ, ಒಳ್ಳೆಯ ಕಂಪ್ಯೂಟರ್‌ನದು. ಎಲ್ಲಿ ಡಿಸ್ಕ್ ತೆರೆಯುತ್ತಿದೆಯೋ ಅಲ್ಲಿ ಕೂತು, ಬೇರೆಲ್ಲೂ ಪ್ರತಿ ಇಲ್ಲದ ಫೈಲುಗಳನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಮದುವೆ ಫೋಟೋ, ಟ್ಯಾಲಿ ಬ್ಯಾಕಪ್, ಪ್ರಾಜೆಕ್ಟ್ ಫೈಲು, ಯಾವುದೇ ಇರಲಿ, ಇದು ಮುಗಿಯದೆ ಮುಂದಿನ ಯಾವ ಪ್ರಯೋಗಕ್ಕೂ ಕೈಹಾಕಬೇಡಿ.

ಒತ್ತಬಾರದ ಗುಂಡಿಗಳು

ಕಾಣದ ಡಿಸ್ಕ್ ಹುಡುಕುವಾಗ ವಿಂಡೋಸ್ ತಾನಾಗಿಯೇ ಕೆಲವು ಕಿಟಕಿ ತೆರೆದು ಸಲಹೆ ಕೊಡುತ್ತದೆ. ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಬಂದರೆ ಕ್ಯಾನ್ಸಲ್ ಒತ್ತಿ. ‘ಇನಿಶಿಯಲೈಸ್ ಡಿಸ್ಕ್’ ಎಂದು ಬಂದರೂ ಕ್ಯಾನ್ಸಲ್. ಇನಿಶಿಯಲೈಸ್ ಮಾಡಿದರೆ ಫೈಲುಗಳು ಆ ಕ್ಷಣಕ್ಕೆ ಅಳಿಯುವುದಿಲ್ಲ, ಆದರೆ ಯಾವ ಪಾರ್ಟಿಶನ್ (ಡಿಸ್ಕ್‌ನ ವಿಭಾಗ) ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿಯ ಮೇಲೆ ಹೊಸ ಖಾಲಿ ಪಟ್ಟಿ ಬೀಳುತ್ತದೆ. ಆಮೇಲೆ ಒಳ್ಳೆಯ ಕಂಪ್ಯೂಟರ್‌ನಲ್ಲೂ ಡಿಸ್ಕ್ ತೆರೆಯುವುದಿಲ್ಲ. ‘ನ್ಯೂ ಸಿಂಪಲ್ ವಾಲ್ಯೂಮ್’ ಮತ್ತು ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್ ಕಮಾಂಡ್‌ನ ‘ಕ್ಲೀನ್’ ಕೂಡ ಇದೇ ಸಾಲಿನವು. ಯೂಟ್ಯೂಬ್ ವಿಡಿಯೋಗಳಲ್ಲಿ ಈ ‘ಕ್ಲೀನ್’ ಧಾರಾಳವಾಗಿ ಸಿಗುತ್ತದೆ. ಅದು ರಿಪೇರಿಯಲ್ಲ, ಒರೆಸಿ ಹಾಕುವ ಕೆಲಸ.

ಡಿಸ್ಕ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಬಗ್ಗೆಯೂ ಇದೇ ಎಚ್ಚರಿಕೆ. ಒಳಗೆ ಕೆಟ್ಟ ಸೆಕ್ಟರ್‌ಗಳು (ಡೇಟಾ ಬರೆಯುವ ಪುಟ್ಟ ತುಣುಕುಗಳು) ಇರುವ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ ಗಂಟೆಗಟ್ಟಲೆ ತಿಣುಕಿಸಿ, ಉಳಿದ ಜೀವವನ್ನೂ ತೆಗೆಯಬಹುದು. ನಕಲು ಮುಗಿದ ಮೇಲೆ ಮಾತ್ರ ಅದರ ಸರದಿ.

ಡಿಸ್ಕ್ ಎಲ್ಲಿಯವರೆಗೆ ಬಂದು ನಿಂತಿದೆ?

ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಮತ್ತೆ ಅದೇ ರೀತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಡಿಸ್ಕ್ ಚುಚ್ಚಿ, ಒಂದು ನಿಮಿಷ ಸುಮ್ಮನೆ ನೋಡುತ್ತಿರಿ. ದೊಡ್ಡ ಡಿಸ್ಕ್ ತಿರುಗಿ ಸಿದ್ಧವಾಗಲು ಹತ್ತಿಪ್ಪತ್ತು ಸೆಕೆಂಡು ಬೇಕು.

ಎರಡು ಕಿಟಕಿಗಳಲ್ಲೂ ಏನೂ ಅಲುಗಾಡದಿದ್ದರೆ, ಚುಚ್ಚಿದ ಸದ್ದೂ ಬಾರದಿದ್ದರೆ, ಅದು ಕೇಬಲ್, ಪೋರ್ಟ್ ಅಥವಾ ಕರೆಂಟಿನ ತೊಂದರೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಅಥವಾ ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಬಂದರೆ ಕೇಬಲ್ ಇಲ್ಲವೇ ಡ್ರೈವರ್. ‘ಡಿಸ್ಕ್ ಡ್ರೈವ್ಸ್’ ಪಟ್ಟಿಯಲ್ಲಿ ಹೆಸರು ಬಂದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಕೆಳಭಾಗದಲ್ಲಿ ‘ಡಿಸ್ಕ್ 1’ ಅಥವಾ ‘ಡಿಸ್ಕ್ 2’ ಎಂದು ಪಟ್ಟಿ ಕಂಡರೆ ನಿಶ್ಚಿಂತೆಯಿಂದ ಉಸಿರಾಡಿ. ತಂತಿ, ಕರೆಂಟು, ಡ್ರೈವರ್ ಎಲ್ಲ ಪಾಸಾಗಿವೆ, ಉಳಿದದ್ದು ಅಕ್ಷರ, ಫಾರ್ಮ್ಯಾಟ್ ಅಥವಾ ಅನುಮತಿಯ ವಿಚಾರ. ನೇರ ಆ ಭಾಗಕ್ಕೆ ಹೋಗಬಹುದು.

ಕೇಬಲ್, ಪೋರ್ಟ್, ಕರೆಂಟು

ಪೋರ್ಟಬಲ್ ಡಿಸ್ಕ್‌ಗಳಲ್ಲಿ, ಅಂದರೆ ಜೇಬಿನಲ್ಲಿ ಹಿಡಿಯುವ 2.5 ಇಂಚಿನವುಗಳಲ್ಲಿ, ಪ್ರತ್ಯೇಕ ಅಡಾಪ್ಟರ್ ಇರುವುದಿಲ್ಲ. ತಟ್ಟೆ ತಿರುಗಿಸುವ ಕರೆಂಟೂ ಅದೇ ಯುಎಸ್‌ಬಿ ತಂತಿಯಲ್ಲೇ ಬರಬೇಕು. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪ್ ಕೊಡುತ್ತದೆ, ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪ್. ಆದರೆ ನಿಂತ ತಟ್ಟೆಯನ್ನು ಮೊದಲು ತಿರುಗಿಸುವ ಕ್ಷಣದಲ್ಲಿ ಅನೇಕ ಡಿಸ್ಕ್‌ಗಳು 1 ಆಂಪ್‌ನ ಆಸುಪಾಸು ಎಳೆಯುತ್ತವೆ. ಕೆಲವು ಕಂಪ್ಯೂಟರ್‌ಗಳು ನಿಯಮಕ್ಕಿಂತ ಹೆಚ್ಚೇ ಕೊಟ್ಟು ಈ ಏಟನ್ನು ತಡೆದುಕೊಳ್ಳುತ್ತವೆ, ಕೆಲವು ತಡೆದುಕೊಳ್ಳುವುದಿಲ್ಲ. ಒಂದೇ ಡಿಸ್ಕ್ ಅಲ್ಲಿ ಓಡಿ ಇಲ್ಲಿ ನಿಲ್ಲುವುದಕ್ಕೆ ಬಲು ಸಾಮಾನ್ಯ ಕಾರಣ ಇದೇ.

ಕರೆಂಟು ಸಾಲದ ಡಿಸ್ಕ್ ಗುರುತು ಹೀಗಿರುತ್ತದೆ: ಲೈಟು ಉರಿಯುತ್ತದೆ, ಸಣ್ಣಗೆ ‘ಟಿಕ್’ ಎಂದು ತಿರುಗಲು ನೋಡಿ ನಿಲ್ಲುತ್ತದೆ, ಕೆಲ ಸೆಕೆಂಡಿಗೆ ಮತ್ತೆ ಅದೇ. ವಿಂಡೋಸ್‌ನ ಚುಚ್ಚಿದ ಸದ್ದು, ಕಿತ್ತ ಸದ್ದು ಒಂದರ ಹಿಂದೆ ಒಂದು ಬರುತ್ತವೆ. ಡಿಸ್ಕ್ ಮೇಲೆ ಬೆರಳಿಟ್ಟರೆ ಒಂದೇ ಸಮನೆ ಸಣ್ಣ ಕಂಪನ ತಿಳಿಯಬೇಕು. ಅದು ಶುರುವಾಗಿ ಅರ್ಧಕ್ಕೇ ನಿಂತರೆ ಕರೆಂಟು ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸಿ.

ಮಾಡಬೇಕಾದ್ದನ್ನು ಈ ಕ್ರಮದಲ್ಲಿ ಮಾಡಿ, ಒಂದೊಂದು ಬದಲಾವಣೆ ಆದ ಮೇಲೂ ಡಿಸ್ಕ್ ಬಂತೇ ನೋಡಿ:

1. ಹಬ್, ಮಾನಿಟರ್, ಕೀಬೋರ್ಡ್‌ಗಳಲ್ಲಿರುವ ಪೋರ್ಟ್ ಬಿಟ್ಟು ನೇರ ಕಂಪ್ಯೂಟರ್‌ಗೇ ಹಾಕಿ. ಅಡಾಪ್ಟರ್ ಇಲ್ಲದ ಹಬ್ ಒಂದೇ ಪೋರ್ಟ್‌ನ ಕರೆಂಟನ್ನು ನಾಲ್ವರಿಗೆ ಹಂಚುತ್ತದೆ.
2. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬೇಡ, ಹಿಂದೆ ಮದರ್‌ಬೋರ್ಡ್‌ಗೇ ಬೆಸೆದಿರುವ ಪೋರ್ಟ್‌ಗೆ ಹಾಕಿ. ಮುಂದಿನವು ಒಳಗೊಂದು ತೆಳು ಕೇಬಲ್ ಮೂಲಕ ಬರುತ್ತವೆ. ಅದು ಸಡಿಲವಾಗಿರುವುದು, ಅಸೆಂಬಲ್ ಮಾಡುವಾಗ ಸಿಕ್ಕಿಸದೇ ಬಿಟ್ಟಿರುವುದು ಅಪರೂಪವೇನಲ್ಲ.
3. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಬೇರೆ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು, ಇನ್ನೊಂದು ಬದಿಯ ಪೋರ್ಟ್‌ನಲ್ಲಿ ನೋಡಿ.
4. ಕೇಬಲ್ ಬದಲಾಯಿಸಿ. ಅರ್ಧ ಮೀಟರಿಗಿಂತ ಉದ್ದ ಬೇಡ. ಉದ್ದ, ತೆಳು ತಂತಿಯಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಎಕ್ಸ್‌ಟೆನ್ಶನ್ ಕೇಬಲ್ ಇದ್ದರೆ ಮೊದಲು ಅದನ್ನು ತೆಗೆಯಿರಿ.
5. ಆಗಲೂ ಆಗದಿದ್ದರೆ ಅಡಾಪ್ಟರ್ ಇರುವ ಹಬ್ ಮೂಲಕ ಹಾಕಿ ನೋಡಿ. ಅದರಲ್ಲಿ ಓಡಿದರೆ ಆ ಕಂಪ್ಯೂಟರ್‌ನ ಪೋರ್ಟ್‌ಗೆ ಕಸುವಿಲ್ಲ ಎಂದು ಖಚಿತ.

ಕೇಬಲ್ ವಿಚಾರದಲ್ಲಿ ಇನ್ನೊಂದು ಮಾತು. ಹಳೆಯ ಕಂಪ್ಯೂಟರ್‌ನಲ್ಲಿ ಡಿಸ್ಕ್ ಓಡುತ್ತದೆ, ಹೊಸತರಲ್ಲಿ ಓಡುವುದಿಲ್ಲ ಎಂಬ ದೂರು ಮೊದಲ ನೋಟಕ್ಕೆ ವಿಚಿತ್ರ ಅನ್ನಿಸುತ್ತದೆ, ಕಾರಣ ಸರಳ. ಡಿಸ್ಕ್ ಬದಿಯಲ್ಲಿ ಎರಡು ಭಾಗವಾಗಿ ಕಾಣುವ ಅಗಲದ ಪಿನ್ ಇರುತ್ತದಲ್ಲ, ಅದರ ದೊಡ್ಡ ಭಾಗದಲ್ಲಿರುವುದು ಹಳೆಯ ಯುಎಸ್‌ಬಿ 2.0 ತಂತಿಗಳು, ಚಿಕ್ಕ ಭಾಗದಲ್ಲಿರುವುದು 3.0ರ ವೇಗದ ತಂತಿಗಳು. ಬಗ್ಗಿಸಿ ಬಗ್ಗಿಸಿ ವೇಗದ ತಂತಿಗಳು ಮಾತ್ರ ಹರಿದಿದ್ದರೆ 2.0 ಪೋರ್ಟ್ ಇರುವ ಹಳೆಯ ಕಂಪ್ಯೂಟರ್‌ಗೆ ಏನೂ ಗೊತ್ತಾಗುವುದಿಲ್ಲ, ನೀಲಿ ಬಣ್ಣದ 3.0 ಪೋರ್ಟ್ ಇರುವ ಹೊಸ ಕಂಪ್ಯೂಟರ್ ಮಾತ್ರ ಎಡವುತ್ತದೆ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಹಳೆಯ ಆಂಡ್ರಾಯ್ಡ್ ಫೋನಿನ ಮೈಕ್ರೋ ಯುಎಸ್‌ಬಿ ಕೇಬಲ್ ಇದ್ದರೆ ಅದನ್ನು ಡಿಸ್ಕ್‌ನ ಸಾಕೆಟ್‌ನ ದೊಡ್ಡ ಅರ್ಧಕ್ಕೆ ಸಿಕ್ಕಿಸಿ. ಸರಿಯಾಗಿ ಕೂರುತ್ತದೆ, ಚಿಕ್ಕ ಅರ್ಧ ಖಾಲಿ ಇರುತ್ತದೆ. ಹೀಗೆ ಹಾಕಿದಾಗ ಡಿಸ್ಕ್ ನಿಧಾನವಾಗಿಯಾದರೂ ತೆರೆದರೆ ಡಿಸ್ಕ್ ಚೆನ್ನಾಗಿದೆ, ಕೇಬಲ್ ಬದಲಾಯಿಸಿದರೆ ಸಾಕು. ಆ ಫೋನ್ ಕೇಬಲ್ ಡೇಟಾ ಒಯ್ಯುವಂಥದ್ದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಅದರಲ್ಲಿ ಡಿಸ್ಕ್ ಲೈಟು ಉರಿದು ತಿರುಗುತ್ತದೆ, ಕಂಪ್ಯೂಟರ್‌ಗೆ ಮಾತ್ರ ಸುದ್ದಿಯೇ ಹೋಗುವುದಿಲ್ಲ. ಟೈಪ್-ಸಿ ಡಿಸ್ಕ್‌ಗಳಲ್ಲೂ ಇದೇ ಗೊಂದಲ, ಏಕೆಂದರೆ ಹೊರಗಿನಿಂದ ಎಲ್ಲ ಟೈಪ್-ಸಿ ಕೇಬಲ್‌ಗಳೂ ಒಂದೇ ಥರ ಕಾಣುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳುವಾಗ ‘ಹಾರ್ಡ್ ಡಿಸ್ಕ್ ಕೇಬಲ್, 5 ಜಿಬಿಪಿಎಸ್’ ಎಂದು ಸ್ಪಷ್ಟವಾಗಿ ಕೇಳಿ.

ಮೇಜಿನ ಮೇಲಿಡುವ 3.5 ಇಂಚಿನ ದೊಡ್ಡ ಡಿಸ್ಕ್‌ಗೆ ಸಾಮಾನ್ಯವಾಗಿ 12 ವೋಲ್ಟ್‌ನ ಅಡಾಪ್ಟರ್ ಬೇರೆ ಇರುತ್ತದೆ. ಕಂಪ್ಯೂಟರ್ ಬದಲಾದಾಗ ಅಡಾಪ್ಟರ್ ಕೂಡ ಅದಲುಬದಲಾಗಿರುವುದು ಸಾಮಾನ್ಯ. ರೌಟರ್ ಅಡಾಪ್ಟರ್‌ನ ಪಿನ್ ಇದಕ್ಕೂ ಕೂರುತ್ತದೆ, ಆದರೆ ಅದರ ಆಂಪ್ ಕಡಿಮೆಯಿದ್ದರೆ ಲೈಟು ಬಂದರೂ ತಟ್ಟೆ ತಿರುಗದು. ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಹಾಕಿದರಂತೂ ಒಳಗಿನ ಬೋರ್ಡ್ ಸುಡುತ್ತದೆ. ಡಿಸ್ಕ್‌ನ ಅಡಿಯಲ್ಲಿ ಬರೆದಿರುವ ವೋಲ್ಟ್ ಮತ್ತು ಧನ-ಋಣ ಗುರುತು ಅಡಾಪ್ಟರ್ ಮೇಲಿನದಕ್ಕೆ ಹೊಂದಲೇಬೇಕು. ಆಂಪ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆಯಿರಬಾರದು.

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು

ಹಳದಿ ಗುರುತಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಂದು ಕೋಡ್ ಸಿಗುತ್ತದೆ. ಕೋಡ್ 28 ಎಂದರೆ ಡ್ರೈವರ್ ಇಲ್ಲ. ಕೋಡ್ 22 ಎಂದರೆ ಯಾರೋ ನಿಷ್ಕ್ರಿಯ ಮಾಡಿದ್ದಾರೆ, ಬಲ ಕ್ಲಿಕ್ ಮಾಡಿ ‘ಎನೇಬಲ್’ ಒತ್ತಿದರಾಯಿತು. ಕೋಡ್ 10 ಬಂದರೆ ಸಾಧನ ಶುರುವಾಗಲಿಲ್ಲ. ಹೆಚ್ಚು ಕಾಡುವುದು ಕೋಡ್ 43. ‘ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂಬ ಸಾಲಿನೊಂದಿಗೆ ಬಂದರೆ, ಕಂಪ್ಯೂಟರ್ ‘ನೀನು ಯಾರು’ ಎಂದು ಕೇಳಿದ್ದಕ್ಕೆ ಡಿಸ್ಕ್‌ನಿಂದ ಸರಿಯಾದ ಉತ್ತರ ಬಂದಿಲ್ಲ ಎಂದರ್ಥ. ಕೇಬಲ್, ಕರೆಂಟು ಎರಡನ್ನೂ ಮೇಲಿನಂತೆ ನೋಡಿಯೂ ಇದು ಹೋಗದಿದ್ದರೆ ವಿಂಡೋಸ್ ಹಿಂದಿನ ಬಾರಿಯ ಅರೆಬರೆ ನೆನಪನ್ನು ಹಿಡಿದು ಕೂತಿರಬಹುದು. ಅದನ್ನು ಹೀಗೆ ಅಳಿಸಿ:

1. ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ಡಿವೈಸ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಆರಿಸಿ.
2. ‘ಡಿಸ್ಕ್ ಡ್ರೈವ್ಸ್’ ಅಡಿಯಲ್ಲಿ ಮಸುಕು ಬಣ್ಣದಲ್ಲಿ ಕಾಣುವ ಈ ಡಿಸ್ಕ್‌ನ ಹೆಸರು, ‘ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಅಡಿಯಲ್ಲಿರುವ ‘ಅನ್‌ನೋನ್’ ಸಾಧನ, ಇವನ್ನು ಬಲ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್’ ಮಾಡಿ.
3. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಾಕುವುದು ಇದಕ್ಕೆ ಸಮವಲ್ಲ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ಶಟ್‌ಡೌನ್ ಆದಾಗಲೂ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿ ಕಂಪ್ಯೂಟರ್‌ನ ಒಳಗಿನ ಡಿಸ್ಕ್‌ನಲ್ಲಿ ಉಳಿದು, ಮುಂದಿನ ಬಾರಿ ಅದೇ ಮರಳುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರು.
4. ಡೆಸ್ಕ್‌ಟಾಪ್ ಪೂರ್ತಿ ಬಂದ ಮೇಲೆ ಡಿಸ್ಕ್ ಚುಚ್ಚಿ, ಒಂದು ನಿಮಿಷ ಕಾಯಿರಿ.

ಅದೇ ಪಟ್ಟಿಯಲ್ಲಿ ‘ರೂಟ್ ಹಬ್’ ಮತ್ತು ‘ಹೋಸ್ಟ್ ಕಂಟ್ರೋಲರ್’ ಎಂಬ ಹೆಸರುಗಳೂ ಇರುತ್ತವೆ. ಡೆಸ್ಕ್‌ಟಾಪ್‌ನಲ್ಲಿ ಅವನ್ನೂ ಅನ್‌ಇನ್‌ಸ್ಟಾಲ್ ಮಾಡಿದಿರೋ, ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ಅಲ್ಲೇ ಸಾಯುತ್ತವೆ. ಪವರ್ ಬಟನ್ ಒತ್ತಿ ರೀಸ್ಟಾರ್ಟ್ ಮಾಡಿದರೆ ಮರಳುತ್ತವೆ, ಆದರೆ ಆ ಹೊತ್ತಿನ ಗಾಬರಿ ಯಾಕೆ ಬೇಕು.

ಡಿಸ್ಕ್ ಮೊದಲು ಕಂಡು, ಸ್ವಲ್ಪ ಹೊತ್ತು ಬಿಟ್ಟು ಮಾಯವಾಗುವುದಾದರೆ ವಿದ್ಯುತ್ ಉಳಿತಾಯದ ಏರ್ಪಾಡನ್ನು ನೋಡಿ. ಪ್ರತಿ ‘ರೂಟ್ ಹಬ್’ನ ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು’ ಎಂಬ ಟಿಕ್ ತೆಗೆಯಿರಿ. ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ‘ಡಿಸೇಬಲ್ಡ್’ ಮಾಡಿ.

ವಿಂಡೋಸ್ 7 ಇನ್ನೂ ಉಸಿರಾಡುತ್ತಿರುವ ಕಂಪ್ಯೂಟರ್‌ಗಳಿಗೆ ಬೇರೆಯೇ ಕಾರಣವಿದೆ: ಅದರಲ್ಲಿ ಯುಎಸ್‌ಬಿ 3.0 ಡ್ರೈವರ್ ಹುಟ್ಟಿನಿಂದ ಇಲ್ಲ. ಮದರ್‌ಬೋರ್ಡ್ ಕಂಪನಿಯ ಸೈಟಿನಿಂದ ಡ್ರೈವರ್ ಹಾಕುವವರೆಗೆ ನೀಲಿ ಪೋರ್ಟ್ ಸುಮ್ಮನಿರುತ್ತದೆ. ಕಪ್ಪು ಬಣ್ಣದ 2.0 ಪೋರ್ಟ್‌ಗೆ ಹಾಕಿ ನೋಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಂಡರೂ ದಿಸ್ ಪಿಸಿಯಲ್ಲಿ ಇಲ್ಲ

ಕೆಳಭಾಗದ ಪಟ್ಟಿಯಲ್ಲಿ ಗಾತ್ರ ನೋಡಿ ನಿಮ್ಮ ಡಿಸ್ಕ್ ಗುರುತಿಸಿ. 1 ಟಿಬಿ ಡಿಸ್ಕ್ ಅಲ್ಲಿ 931 ಜಿಬಿ, 2 ಟಿಬಿಯದು 1863 ಜಿಬಿ ಎಂದು ಕಾಣುತ್ತದೆ. ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ, ಕಳ್ಳತನವಲ್ಲ. ಈಗ ಆ ಸಾಲಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ನೀಲಿ ಪಟ್ಟೆ, ‘ಹೆಲ್ದಿ’ ಎಂಬ ಮಾತು, ‘ಎನ್‌ಟಿಎಫ್‌ಎಸ್’ ಅಥವಾ ‘ಎಕ್ಸ್‌ಫ್ಯಾಟ್’ ಎಂಬ ಫಾರ್ಮ್ಯಾಟ್ ಹೆಸರಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಇದು ಎಲ್ಲಕ್ಕಿಂತ ಸುಲಭದ ಪ್ರಕರಣ. ಪಟ್ಟೆಯ ಮೇಲೆ ಬಲ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾಥ್ಸ್’, ‘ಆ್ಯಡ್’, ಒಂದು ಅಕ್ಷರ ಆರಿಸಿ ‘ಓಕೆ’. ಆಫೀಸುಗಳಲ್ಲಿ ಸರ್ವರ್‌ನ ಫೋಲ್ಡರ್‌ಗೆ ಎಫ್ ಅಥವಾ ಜಿ ಅಕ್ಷರ ಮೊದಲೇ ಕೊಟ್ಟಿದ್ದು, ವಿಂಡೋಸ್ ಅದೇ ಅಕ್ಷರವನ್ನು ಡಿಸ್ಕ್‌ಗೂ ಕೊಡಲು ಹೋಗಿ ಡಿಸ್ಕ್ ಮರೆಯಾಗುವುದುಂಟು. ಆದ್ದರಿಂದ ಪಿ, ಆರ್, ಟಿ ಹೀಗೆ ಯಾರೂ ಮುಟ್ಟದ ಅಕ್ಷರ ಆರಿಸುವುದು ಲೇಸು. ಯಾವ ಡಿಸ್ಕ್ ಹಾಕಿದರೂ ಅಕ್ಷರ ತಾನಾಗಿ ಬಾರದಿದ್ದರೆ ಆ ಕಂಪ್ಯೂಟರ್‌ನಲ್ಲಿ ಆಟೋಮೌಂಟ್ ಆಫ್ ಆಗಿದೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಸ್ಕ್‌ಪಾರ್ಟ್’ ಎಂದು ಎಂಟರ್ ಒತ್ತಿ, ನಂತರ ‘ಆಟೋಮೌಂಟ್ ಎನೇಬಲ್’, ಕೊನೆಗೆ ‘ಎಕ್ಸಿಟ್’. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಬೇರೇನನ್ನೂ ಅಲ್ಲಿ ಪ್ರಯೋಗಿಸಬೇಡಿ.

‘ಆಫ್‌ಲೈನ್’ ಎಂದಿದ್ದರೆ ಎಡಬದಿಯ ಬೂದು ಚೌಕದ ಮೇಲೆ, ಅಂದರೆ ‘ಡಿಸ್ಕ್ 1’ ಎಂದು ಬರೆದ ಜಾಗದಲ್ಲಿ, ಬಲ ಕ್ಲಿಕ್ ಮಾಡಿ ‘ಆನ್‌ಲೈನ್’ ಒತ್ತಿ. ಒಂದು ಡಿಸ್ಕ್ ಅನ್ನು ಇನ್ನೊಂದಕ್ಕೆ ಕ್ಲೋನ್ (ಪಡಿಯಚ್ಚು) ಮಾಡಿ ಎರಡನ್ನೂ ಒಂದೇ ಕಂಪ್ಯೂಟರ್‌ಗೆ ಹಾಕಿದಾಗ ಎರಡರ ಗುರುತುಸಂಖ್ಯೆ ಒಂದೇ ಆಗಿ, ವಿಂಡೋಸ್ ಒಂದನ್ನು ಹೀಗೆ ಕೂರಿಸುತ್ತದೆ.

‘ಫಾರಿನ್’ ಎಂದಿದ್ದರೆ ಅದು ಡೈನಾಮಿಕ್ ಡಿಸ್ಕ್, ಅಂದರೆ ವಿಂಡೋಸ್‌ನದೇ ವಿಶೇಷ ರೀತಿಯಲ್ಲಿ ವಿಭಾಗಿಸಿದ ಡಿಸ್ಕ್. ವಿಂಡೋಸ್ ಹೋಮ್ ಆವೃತ್ತಿ ಅದನ್ನು ಬೆಂಬಲಿಸುವುದಿಲ್ಲ. ಪ್ರೊ ಆವೃತ್ತಿ ಇರುವ ಕಂಪ್ಯೂಟರ್‌ನಲ್ಲಿ ತೆರೆಯಿರಿ.

ಪಾರ್ಟಿಶನ್ ಇದೆ, ಆದರೆ ಫಾರ್ಮ್ಯಾಟ್ ಹೆಸರಿನ ಜಾಗ ಖಾಲಿ ಅಥವಾ ‘ರಾ’ ಎಂದಿದೆ ಅನ್ನಿ. ಒಳ್ಳೆಯ ಕಂಪ್ಯೂಟರ್ ಯಾವುದು ಎಂದು ಈಗ ಯೋಚಿಸಿ. ಅದು ಮ್ಯಾಕ್ ಆಗಿದ್ದರೆ ಡಿಸ್ಕ್ ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟ್‌ನಲ್ಲಿರಬಹುದು, ಲಿನಕ್ಸ್ ಆಗಿದ್ದರೆ ಎಕ್ಸ್ಟ್4. ಎರಡನ್ನೂ ವಿಂಡೋಸ್ ತಾನಾಗಿ ಓದುವುದಿಲ್ಲ. ಸಾಲಿನ ಆರಂಭದಲ್ಲಿ 200 ಎಂಬಿಯ ಪುಟ್ಟ ‘ಇಎಫ್‌ಐ’ ಪಾರ್ಟಿಶನ್ ಇದ್ದರೆ ಆ ಡಿಸ್ಕ್ ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದದ್ದು ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಫೈಲುಗಳನ್ನು ಮ್ಯಾಕ್‌ನಲ್ಲೇ ನಕಲು ಮಾಡಿ ತನ್ನಿ.

ಇಡೀ ಡಿಸ್ಕ್ ಕಪ್ಪು ಪಟ್ಟೆಯಲ್ಲಿ ‘ಅನ್‌ಅಲೊಕೇಟೆಡ್’ ಎಂದೋ ‘ನಾಟ್ ಇನಿಶಿಯಲೈಸ್ಡ್’ ಎಂದೋ ಬಂದರೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ಅದು ಈಗಲೂ ತೆರೆಯುತ್ತಿದೆಯೇ ಎಂದು ಮತ್ತೆ ನೋಡಿ ಬನ್ನಿ. ತೆರೆಯುತ್ತಿದ್ದರೆ ಪಾರ್ಟಿಶನ್ ಪಟ್ಟಿ ಜೀವಂತವಾಗಿದೆ, ಈ ಕಂಪ್ಯೂಟರ್‌ಗೆ ಓದಲು ಬರುತ್ತಿಲ್ಲ. 32-ಬಿಟ್ ವಿಂಡೋಸ್ ಎಕ್ಸ್‌ಪಿ ಜಿಪಿಟಿ ಎಂಬ ಹೊಸ ರೀತಿಯ ಪಾರ್ಟಿಶನ್ ಪಟ್ಟಿಯನ್ನು ಓದದು. ಟಿವಿಯಲ್ಲಿ ಕಾರ್ಯಕ್ರಮ ರೆಕಾರ್ಡ್ ಮಾಡಲು ಬಳಸಿದ ಡಿಸ್ಕ್‌ಗಳನ್ನು ಅನೇಕ ಟಿವಿಗಳು ತಮ್ಮದೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ, ಅವು ಕಂಪ್ಯೂಟರ್‌ಗೆ ಖಾಲಿಯಂತೆ ಕಾಣುತ್ತವೆ. ಕೇಸಿನಿಂದ ತೆಗೆದು ಬೇರೆ ಕೇಸಿಗೆ ಹಾಕಿದ ಡಿಸ್ಕ್‌ಗೆ ಇನ್ನೊಂದು ಕಾರಣವಿದೆ, ಅದನ್ನು ಮುಂದೆ ಹೇಳಿದೆ.

ಡಿಸ್ಕ್ ಹೆಸರು ಬಂದು ‘ನೋ ಮೀಡಿಯಾ’ ಎಂದಿದ್ದರೆ, ಅಥವಾ ಗಾತ್ರ ಸೊನ್ನೆಯಾಗಿದ್ದರೆ, ಯುಎಸ್‌ಬಿ ಬೋರ್ಡ್ ಮಾತಾಡುತ್ತಿದೆ, ಒಳಗಿನ ಡಿಸ್ಕ್ ಮಾತಾಡುತ್ತಿಲ್ಲ. ಮತ್ತೆ ಕರೆಂಟಿನ ಭಾಗಕ್ಕೆ ಹೋಗಿ. ಅದೂ ಸರಿಯಿದ್ದರೆ ಡಿಸ್ಕ್ ಕೆಡುತ್ತಿದೆ.

ಬೀಗದ ಚಿತ್ರ ಕಂಡರೆ ಬಿಟ್‌ಲಾಕರ್, ಅಂದರೆ ವಿಂಡೋಸ್‌ನ ಪಾಸ್‌ವರ್ಡ್ ಬೀಗ. ವಿಂಡೋಸ್ ಹೋಮ್‌ನಲ್ಲಿ ಬಿಟ್‌ಲಾಕರ್ ಹೊಸದಾಗಿ ಹಾಕಲು ಬಾರದಿದ್ದರೂ ಪಾಸ್‌ವರ್ಡ್ ಕೊಟ್ಟು ತೆರೆಯಲು ಬರುತ್ತದೆ. ಒಂದು ಕಂಪ್ಯೂಟರ್‌ನಲ್ಲಿ ‘ಆಟೋ ಅನ್‌ಲಾಕ್’ ಇದ್ದವರಿಗೆ ಪಾಸ್‌ವರ್ಡ್ ಹಾಕಿದ್ದೇ ಮರೆತಿರುತ್ತದೆ. ಆ ಕಂಪ್ಯೂಟರ್‌ನಲ್ಲೇ ಕೂತು ‘ಮ್ಯಾನೇಜ್ ಬಿಟ್‌ಲಾಕರ್’ ತೆರೆದು 48 ಅಂಕಿಗಳ ರಿಕವರಿ ಕೀ ಉಳಿಸಿಕೊಳ್ಳಿ. ಡಬ್ಲ್ಯೂಡಿ ಮೈ ಪಾಸ್‌ಪೋರ್ಟ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಡಿಸ್ಕ್ ಬದಲು ಸಿಡಿಯಂಥ ಒಂದು ಡ್ರೈವ್ ಬರುತ್ತದೆ. ಅದರೊಳಗಿನ ಅನ್‌ಲಾಕರ್ ಪ್ರೋಗ್ರಾಂ ಓಡಿಸಬೇಕು.

ಆಫೀಸಿನ ಕಂಪ್ಯೂಟರ್, ಆಫೀಸಿನಿಂದ ಬಂದ ಹಳೆಯ ಲ್ಯಾಪ್‌ಟಾಪ್

ಮೌಸ್, ಕೀಬೋರ್ಡ್, ಪ್ರಿಂಟರ್ ಎಲ್ಲ ಓಡುತ್ತವೆ, ಯಾವ ಪೆನ್‌ಡ್ರೈವ್ ಅಥವಾ ಡಿಸ್ಕ್ ಹಾಕಿದರೂ ಬರುವುದಿಲ್ಲ. ಇಂಥ ಕಡೆ ಕಂಪನಿಯೇ ಬಾಗಿಲು ಮುಚ್ಚಿರುತ್ತದೆ. ಐಟಿಯವರನ್ನು ಕೇಳಿ, ಅಷ್ಟೆ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಬಿಚ್ಚಿ ದಾರಿ ಮಾಡಿಕೊಂಡರೆ ಕೆಲಸಕ್ಕೇ ಕುತ್ತು ಬರಬಹುದು.

ಬೆಂಗಳೂರಿನಂಥ ಊರಲ್ಲಿ ಕಂಪನಿಗಳಿಂದ ಹೊರಬಿದ್ದ ರಿಫರ್ಬಿಶ್ಡ್ ಲ್ಯಾಪ್‌ಟಾಪ್‌ಗಳು ಬೇಕಾದಷ್ಟು ಸಿಗುತ್ತವೆ. ಕೆಲವರು ವಿಂಡೋಸ್ ಹೊಸದಾಗಿ ಹಾಕದೆ ಮಾರುತ್ತಾರೆ, ಹಳೆಯ ನಿರ್ಬಂಧವೂ ಜೊತೆಗೇ ಬರುತ್ತದೆ. ಲ್ಯಾಪ್‌ಟಾಪ್ ನಿಮ್ಮದೇ ಆಗಿದ್ದರೆ ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮೆಶೀನ್, ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಸರ್ವಿಸಸ್, ಯುಎಸ್‌ಬಿಸ್ಟೋರ್ ಎಂದು ಒಂದೊಂದಾಗಿ ಒಳಹೋಗಿ. ಬಲಗಡೆ ‘ಸ್ಟಾರ್ಟ್’ ಎಂಬುದರ ಬೆಲೆ 4 ಇದ್ದರೆ ಮುಚ್ಚಿದೆ ಎಂದರ್ಥ, 3 ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್‌ಗೂ ಮೊದಲು ತೆರೆಯುವ ಬಯೋಸ್ ಸೆಟ್ಟಿಂಗ್‌ನಲ್ಲೂ ಯುಎಸ್‌ಬಿ ಪೋರ್ಟ್ ಮುಚ್ಚುವ ಆಯ್ಕೆ ಇರುತ್ತದೆ, ಕೆಲವು ಆಂಟಿವೈರಸ್‌ಗಳಲ್ಲಿ ‘ಡಿವೈಸ್ ಕಂಟ್ರೋಲ್’ ಇರುತ್ತದೆ, ಅವನ್ನೂ ಒಮ್ಮೆ ನೋಡಿ. ನಿಜ ಹೇಳಬೇಕೆಂದರೆ ಇಂಥ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು.

ಅಕ್ಷರ ಬಂದು ತೆರೆಯಲು ಹೋದರೆ ‘ಆ್ಯಕ್ಸೆಸ್ ಡಿನೈಡ್’ ಎಂದರೆ ಅದು ಎನ್‌ಟಿಎಫ್‌ಎಸ್ ಅನುಮತಿಯ ವಿಷಯ. ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್ಡ್’ನಲ್ಲಿ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಬದಲಾಯಿಸಬಹುದು. ‘ಸೈಕ್ಲಿಕ್ ರಿಡಂಡೆನ್ಸಿ’ ಎಂದು ಬಂದರೆ ಮಾತ್ರ ಅನುಮತಿ ಬದಲಾಯಿಸುತ್ತ ಕೂರಬೇಡಿ. ಅದು ಓದಲಾಗದ ಸೆಕ್ಟರ್‌ಗಳ ಕೂಗು.

ಕಾಣದಿರುವುದು ಮ್ಯಾಕ್‌ನಲ್ಲಾದರೆ, ಲಿನಕ್ಸ್‌ನಲ್ಲಾದರೆ

ಮ್ಯಾಕ್‌ನಲ್ಲಿ ಮೊದಲು ಫೈಂಡರ್ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಟರ್ನಲ್ ಡಿಸ್ಕ್ಸ್’ ಎಂಬಲ್ಲಿ ಟಿಕ್ ಇದೆಯೇ ನೋಡಿ. ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಬುಕ್‌ಗಳು ಮ್ಯಾಕ್‌ಓಎಸ್ ವೆಂಚುರಾದಿಂದ ಈಚೆಗೆ ಹೊಸ ಸಾಧನ ಚುಚ್ಚಿದಾಗ ಅನುಮತಿ ಕೇಳುತ್ತವೆ. ಆಗ ಬೇಡ ಎಂದಿದ್ದರೆ ಡಿಸ್ಕ್‌ಗೆ ಕರೆಂಟು ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಕಿತ್ತು ಮತ್ತೆ ಹಾಕಿ ‘ಅಲೌ’ ಒತ್ತಿ. ಡಿಸ್ಕ್ ಯುಟಿಲಿಟಿಯಲ್ಲಿ ‘ವ್ಯೂ’, ‘ಶೋ ಆಲ್ ಡಿವೈಸಸ್’ ಆರಿಸಿದರೆ ಮೌಂಟ್ ಆಗದ, ಅಂದರೆ ಬಳಕೆಗೆ ತೆರೆದುಕೊಳ್ಳದ, ಡಿಸ್ಕ್ ಮಸುಕಾಗಿ ಕಾಣುತ್ತದೆ, ‘ಮೌಂಟ್’ ಒತ್ತಿ. ವಿಂಡೋಸ್‌ನಲ್ಲಿ ಸುರಕ್ಷಿತವಾಗಿ ತೆಗೆಯದೆ ಕಿತ್ತುಕೊಂಡು ಬಂದ ಎಕ್ಸ್‌ಫ್ಯಾಟ್ ಡಿಸ್ಕ್ ಆಗಿದ್ದರೆ ಮ್ಯಾಕ್ ತೆರೆಯುವ ಮೊದಲು ಸದ್ದಿಲ್ಲದೆ ಪೂರ್ತಿ ತಪಾಸಣೆ ಮಾಡುತ್ತದೆ. ತುಂಬಿದ ಡಿಸ್ಕ್‌ಗೆ ಇದು ಬಹಳ ಹೊತ್ತು ಹಿಡಿಯಬಹುದು. ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ‘ಎಫ್‌ಎಸ್‌ಸಿಕೆ’ ಎಂದು ಶುರುವಾಗುವ ಹೆಸರು ಓಡುತ್ತಿದ್ದರೆ ಕಾಯಿರಿ, ಕೀಳಬೇಡಿ. ಎನ್‌ಟಿಎಫ್‌ಎಸ್ ಡಿಸ್ಕ್ ಮ್ಯಾಕ್‌ನಲ್ಲಿ ತೆರೆಯುತ್ತದೆ, ಓದಬಹುದು, ಆದರೆ ಬರೆಯಲು ಬಿಡುವುದಿಲ್ಲ. ಅದು ದೋಷವಲ್ಲ.

ಲಿನಕ್ಸ್‌ನಲ್ಲಿ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್ ಕೊಟ್ಟರೆ ಡಿಸ್ಕ್ ಇದೆಯೇ ಎಂದು ತಕ್ಷಣ ತಿಳಿಯುತ್ತದೆ. ಇದ್ದೂ ಮೌಂಟ್ ಆಗದಿದ್ದರೆ ಹೆಚ್ಚಾಗಿ ವಿಂಡೋಸ್ ಫಾಸ್ಟ್ ಸ್ಟಾರ್ಟಪ್‌ನಲ್ಲಿ ಆಫ್ ಆದಾಗ ಚುಚ್ಚಿದ್ದ ಡಿಸ್ಕ್ ಅದು, ಎನ್‌ಟಿಎಫ್‌ಎಸ್ ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಇರುತ್ತದೆ. ಸರಿಯಾದ ಮದ್ದು ಅದನ್ನು ಮತ್ತೆ ಅದೇ ವಿಂಡೋಸ್‌ಗೆ ಹಾಕಿ, ಡೆಸ್ಕ್‌ಟಾಪ್ ಬಂದ ಮೇಲೆ ‘ಇಜೆಕ್ಟ್’ ಮಾಡಿ ತರುವುದು.

ಕೇಸ್ ಬಿಚ್ಚುವ ಮೊದಲು

ಕೇಸಿನೊಳಗೆ ಡಿಸ್ಕ್ ಬೇರೆ, ಅದನ್ನು ಯುಎಸ್‌ಬಿಗೆ ಜೋಡಿಸುವ ಪುಟ್ಟ ಬೋರ್ಡ್ ಬೇರೆ. ಬೋರ್ಡ್ ಕೆಟ್ಟಾಗ ಡಿಸ್ಕ್ ತೆಗೆದು ಬೇರೆ ಕೇಸಿಗೆ ಹಾಕುವುದು ಹಳೆಯ ಉಪಾಯ, ಕೆಲಸವನ್ನೂ ಮಾಡುತ್ತದೆ. ಆದರೆ ಅನೇಕ ಹೊಸ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕ್‌ನ ಬೋರ್ಡಿಗೇ ಬೆಸೆದಿರುತ್ತದೆ, ಬೇರೆ ಕೇಸಿಗೆ ಜೋಡಿಸಲು ಬೇಕಾದ ಸಾಟಾ ಪಿನ್ನೇ ಒಳಗೆ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ನೀವು ಪಾಸ್‌ವರ್ಡ್ ಹಾಕದಿದ್ದರೂ ಬೋರ್ಡ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ (ಗುಪ್ತಲಿಪಿಗೆ ಬದಲಾಯಿಸಿಯೇ) ಬರೆಯುತ್ತದೆ. ಅಂಥದ್ದನ್ನು ಬೇರೆ ಕೇಸಿಗೆ ಹಾಕಿದರೆ ಬರೀ ಕಸ ಕಾಣುತ್ತದೆ. ಇನ್ನು ಕೆಲವು ಕೇಸ್‌ಗಳು 512 ಬೈಟ್ ಸೆಕ್ಟರ್‌ಗಳನ್ನು 4096 ಬೈಟ್ ಎಂದು ಕಂಪ್ಯೂಟರ್‌ಗೆ ತೋರಿಸುತ್ತವೆ. ಕೇಸ್ ಬದಲಾದಾಗ ಲೆಕ್ಕ ತಪ್ಪಿ ಡಿಸ್ಕ್ ‘ನಾಟ್ ಇನಿಶಿಯಲೈಸ್ಡ್’ ಆಗಿಬಿಡುತ್ತದೆ. ಗಾಬರಿಯಾಗದೆ ಹಳೆಯ ಕೇಸಿಗೇ ಮರಳಿಸಿ, ಮತ್ತೆ ತೆರೆಯುತ್ತದೆ. ಡಿಸ್ಕ್‌ನ ಲೋಹದ ಮುಚ್ಚಳವನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ, ಒಂದು ಧೂಳಿನ ಕಣ ಸಾಕು ತಲೆ ತಟ್ಟೆಯನ್ನು ಕೆರೆಯಲು.

ಡಿಸ್ಕೇ ಕೆಡುತ್ತಿದೆಯೇ ಎಂದು ತಿಳಿಯುವುದು

ಒಳ್ಳೆಯ ಕಂಪ್ಯೂಟರ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ನೋಡಿ. ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ‘ರಾ’ ಬೆಲೆ ಸೊನ್ನೆ ಇರಬೇಕು. 05 ಎಂದರೆ ಕೆಟ್ಟು ಬದಲಿ ಪಡೆದ ಸೆಕ್ಟರ್‌ಗಳು, ಸಿ5 ಎಂದರೆ ಓದಲಾಗದೆ ಸರದಿಯಲ್ಲಿ ಕಾಯುತ್ತಿರುವವು, ಸಿ6 ಎಂದರೆ ಕೈಬಿಟ್ಟವು. 05ರಲ್ಲಿ ಬಹುಕಾಲದಿಂದ ಅದೇ ಸಣ್ಣ ಸಂಖ್ಯೆ ನಿಂತಿದ್ದರೆ ಸ್ವಲ್ಪ ಕಾಲ ತಳ್ಳಬಹುದು. ಸಿ5 ದಿನೇದಿನೇ ಏರುತ್ತಿದ್ದರೆ ನಕಲು ಈಗಲೇ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಡಿಸ್ಕ್’ ಹೆಸರಿನಲ್ಲಿ ಇವೆಂಟ್ 7 ಇದ್ದರೆ ಕೆಟ್ಟ ಬ್ಲಾಕ್, 153 ಇದ್ದರೆ ಓದಲು ಮತ್ತೆ ಮತ್ತೆ ಯತ್ನಿಸಿದೆ, 157 ಇದ್ದರೆ ನಡುವೆ ಸಂಪರ್ಕ ಕಡಿದಿದೆ. 157 ಮಾತ್ರ ಕಂಡರೆ ನನ್ನ ಪಣ ಕೇಬಲ್ ಮೇಲೆಯೇ.

‘ಟಕ್ ಟಕ್’ ಎಂದು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ, ಅದೂ ಕೇಬಲ್ ಮತ್ತು ಪೋರ್ಟ್ ಬದಲಾಯಿಸಿದ ಮೇಲೂ ನಿಲ್ಲದಿದ್ದರೆ, ತಕ್ಷಣ ಕಿತ್ತುಬಿಡಿ. ಮತ್ತೆ ಮತ್ತೆ ಹಾಕಿ ನೋಡುವುದರಿಂದ ಗಾಯ ದೊಡ್ಡದಾಗುತ್ತದೆ. ಫ್ರಿಜ್ಜಿನಲ್ಲಿಡುವ ಉಪಾಯ ಬೇಡವೇ ಬೇಡ, ತಟ್ಟೆಯ ಮೇಲೆ ತೇವ ಕೂರುತ್ತದೆ. ಸದ್ದಿಲ್ಲದೆ ಅಲ್ಲಲ್ಲಿ ತಡೆಯುವ ಡಿಸ್ಕ್ ಆದರೆ ಲಿನಕ್ಸ್‌ನ ‘ಡಿಡಿರೆಸ್ಕ್ಯೂ’ ಬಳಸಿ, ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡಿಸ್ಕ್‌ಗೆ ಪೂರ್ತಿ ಪ್ರತಿ ತೆಗೆಯಬಹುದು. ಅದು ಸುಲಭದ ಭಾಗಗಳನ್ನು ಮೊದಲು ಬಾಚಿ, ಕಷ್ಟದ್ದನ್ನು ಕೊನೆಗೆ ಬಿಡುತ್ತದೆ. ಕಳೆದ ಫೈಲು ಹುಡುಕುವ ಟೆಸ್ಟ್‌ಡಿಸ್ಕ್ ಅಥವಾ ಫೋಟೋರೆಕ್ ಪ್ರೋಗ್ರಾಂ ಅನ್ನು ಪ್ರತಿಯ ಮೇಲೆ ಓಡಿಸಿ, ಮೂಲದ ಮೇಲೆ ಬೇಡ.

ಕಾರಣ ಫಾರ್ಮ್ಯಾಟ್‌ನದೇ ಎಂದು ತೀರ್ಮಾನವಾಗಿ, ಡಿಸ್ಕ್ ಎರಡೂ ಕಡೆ ಓಡಬೇಕೆಂದಿದ್ದರೆ, ಫೈಲುಗಳನ್ನೆಲ್ಲ ಬೇರೆಡೆಗೆ ನಕಲಿಸಿ, ಅವು ತೆರೆಯುತ್ತವೆ ಎಂದು ನೋಡಿಕೊಂಡು, ಆಮೇಲೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಪಾರ್ಟಿಶನ್ ಪಟ್ಟಿ ಜಿಪಿಟಿ ಇರಲಿ. ವಿಂಡೋಸ್, ಮ್ಯಾಕ್, ಈಚಿನ ಲಿನಕ್ಸ್ ಮೂರೂ ಅದನ್ನು ಓದಿ ಬರೆಯುತ್ತವೆ. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರದು. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ, ಅಂದರೆ ಬರೆಯುವ ನಡುವೆ ಕಿತ್ತರೆ ಸರಿಪಡಿಸಿಕೊಳ್ಳಲು ಅದರ ಬಳಿ ದಾಖಲೆಯಿಲ್ಲ. ಹಾಗಾಗಿ ಪ್ರತಿ ಬಾರಿಯೂ ‘ಇಜೆಕ್ಟ್’ ಒತ್ತಿ, ಲೈಟು ಮಿನುಗುವುದು ನಿಂತ ಮೇಲೆ ಮಾತ್ರ ಕೇಬಲ್ ತೆಗೆಯಿರಿ. ವಿಂಡೋಸ್‌ಗೆ ಮಾತ್ರ ಬಳಸುವ ಡಿಸ್ಕ್ ಆದರೆ ಎನ್‌ಟಿಎಫ್‌ಎಸ್‌ನಲ್ಲೇ ಇಟ್ಟುಕೊಳ್ಳಿ.